ಪೊಡಿಯಬ್ಬನ ಅಂಗಿ

ನಿಟ್ಟೆಯ ಆ ಖಾಸಗಿ ಲೇಡೀಸ್ ಹಾಸ್ಟೆಲಿಗೆ ಹೊಸದಾಗಿ ಸೇರಿದ ಹುಡುಗಿಯರಿಗೆ ಹಳಬರು ಮೊದಲೇ ಹೇಳಿಬಿಡುತ್ತಿದ್ದರು. ಗೇಟಿಗೆ ತಡವಾಗಿ ಬಂದರೆ ವಾರ್ಡನ್ ರಿಝ್ವಾನಾ ಮೇಡಂ ಹೆಚ್ಚೇನೂ ಬೈಯುವುದಿಲ್ಲ, ತಟ್ಟೆಯಲ್ಲಿ ಅನ್ನ ಬಿಟ್ಟರೂ ಒಂದು ಮಾತು ಹೇಳಿ ಸುಮ್ಮನಾಗುತ್ತಾರೆ. ಆದರೆ ಟಿ.ವಿ.ಯಲ್ಲಿ ರಾಜರ ಕಾಲದ ಧಾರಾವಾಹಿ ಬರುತ್ತಿದ್ದರೆ ಮಾತ್ರ ಅವರ ಪಕ್ಕ ಕೂರಬೇಡಿ. ಐನೂರು ವರ್ಷ ಹಿಂದಿನ ರಾಣಿಗೆ ನೈಲಾನ್ ಸೀರೆ ಉಡಿಸಿ, ಬೆನ್ನಿಗೆ ಜಿಪ್ ಇಟ್ಟ ರವಿಕೆ ತೊಡಿಸಿದ್ದು ಕಂಡರೆ ಅವರ ಮುಖ ಕೆಂಪಾಗುತ್ತದೆ. "ಇವರಿಗೆ ನಾಚಿಕೆ ಅಂತ ಒಂದು ಉಂಟಾ?" ಎಂದು ಎದ್ದು ಹೋಗುತ್ತಾರೆ. ಅವತ್ತಿಡೀ ಯಾರಿಗೂ ರಜೆ ಚೀಟಿಗೆ ಸಹಿ ಸಿಗುವುದಿಲ್ಲ.

ಈ ಕೋಪ ರಿಝ್ವಾನಾಗೆ ಚಿಕ್ಕಂದಿನಲ್ಲಿ ಕಾರ್ಕಳದಲ್ಲಿ ಹತ್ತಿದ್ದು. ಕಾಪುವಿನ ಶಾಲೆಯಿಂದ ಚತುರ್ಮುಖ ಬಸದಿಗೆ ಪ್ರವಾಸ ಕರೆದುಕೊಂಡು ಹೋಗಿದ್ದರು. ಕಂಬಗಳ ಮೇಲೆ ಕೆತ್ತಿದ ಹೆಂಗಸರ ಸೊಂಟದ ಬಟ್ಟೆಯ ನೆರಿಗೆ ಎತ್ತಲಿಂದ ಎತ್ತ ಹೋಗುತ್ತದೆ ಎಂದು ನೋಡುತ್ತ ರಿಝ್ವಾನಾ ಹಿಂದೆ ಉಳಿದಳು. ಟೀಚರ್ ಬಂದು, "ಎಂತ ನೋಡುವುದು ಅಲ್ಲಿ?" ಎಂದರು. ಅವರು ಬಟ್ಟೆ ಹೇಗೆ ಕಟ್ಟಿಕೊಳ್ಳುತ್ತಿದ್ದರು ಎಂದು ಕೇಳಿದಳು. ಎಲ್ಲರ ಎದುರು ಟೀಚರ್ ನಕ್ಕುಬಿಟ್ಟರು. "ಟೈಲರ್ ಮಗಳಲ್ವಾ, ಬಟ್ಟೆಯೇ ಕಾಣುವುದು." ಮಕ್ಕಳೂ ನಕ್ಕರು. ಮನೆಗೆ ಬಂದವಳು ತಾಯಿಯ ಹಳೆಯ ಲುಂಗಿಯೊಂದನ್ನು ಹರಿದು, ಕನ್ನಡಿಯ ಮುಂದೆ ನಿಂತು, ನೆರಿಗೆ ಸರಿಬರುವ ತನಕ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಉಮ್ಮ ಮುನೀರಾ ಹೊಲಿಗೆ ಮೆಷಿನಿನ ಮುಂದಿನಿಂದ ನೋಡುತ್ತಿದ್ದರು. ಲುಂಗಿ ಹರಿದದ್ದಕ್ಕೆ ಬೈಯಲಿಲ್ಲ. "ಆ ತುದಿಯನ್ನು ಒಳಗೆ ಸಿಕ್ಕಿಸು, ನಿಲ್ಲುತ್ತದೆ," ಎಂದರು.

ಹೊಲಿಗೆ ಉಮ್ಮನಿಂದ ಬಂತು. ಕಥೆ ಎಲ್ಲಿಂದ ಬಂತೋ ಗೊತ್ತಿಲ್ಲ. ಕಾಲೇಜಿನಲ್ಲಿ ಇತಿಹಾಸ ಓದಿದಳು. ಮದುವೆಯಾಗಿ ಕಾರ್ಕಳಕ್ಕೆ ಬಂದ ಮೇಲೆ ಅಂಚೆ ಶಿಕ್ಷಣದಲ್ಲಿ ಎಂ.ಎ. ಮುಗಿಸಿದಳು. ಗಂಡ ಸಿರಾಜ್‌ಗೆ ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಅಂಗಡಿ. ಮೆದು ಸ್ವಭಾವದವನು. ಹೆಂಡತಿ ಹಗಲು ನಿಟ್ಟೆಯ ಹಾಸ್ಟೆಲಿನಲ್ಲಿ ದುಡಿದು, ರಾತ್ರಿ ಮನೆಗೆ ಬಂದು ಯಾರೂ ತೊಡದ ಕಾಲದ ಬಟ್ಟೆ ಹೊಲಿಯುತ್ತಾಳೆ, ಹೊಲಿದ ಮೇಲೆ ಕಥೆ ಬರೆಯುತ್ತಾಳೆ, ಇದೆಲ್ಲ ಯಾಕೆ ಎಂದು ಕೇಳಿದವರಿಗೆ, "ಅವಳಿಗೆ ಅದೊಂದು ಟೈಂಪಾಸ್," ಎನ್ನುತ್ತಿದ್ದ. ಆ ಮಾತು ಕೇಳಿಸಿದ ದಿನಗಳಲ್ಲಿ ಮನೆಯಲ್ಲಿ ಚಹಾ ಸಕ್ಕರೆ ಇಲ್ಲದೆ ಬರುತ್ತಿತ್ತು.

ಅವಳು ಬರೆಯುವ ಕ್ರಮವೇ ಬೇರೆ. ಪಾತ್ರದ ಬಟ್ಟೆ ಮೊದಲು. ಹೊಲಿದು, ತಾನೇ ತೊಟ್ಟು, ಅಂಗಳದಲ್ಲಿ ನಡೆದು ನೋಡಬೇಕು. ಈ ಉಡುಗೆಯಲ್ಲಿ ಎಷ್ಟು ದೊಡ್ಡ ಹೆಜ್ಜೆ ಇಡಬಹುದು, ಬಾವಿಗೆ ಬಗ್ಗಿದರೆ ಎಲ್ಲಿ ಬಿಗಿಯುತ್ತದೆ, ನೀರಿಗೆ ಇಳಿದರೆ ಎಷ್ಟು ಭಾರವಾಗುತ್ತದೆ ಎಂದು ತಿಳಿಯಬೇಕು. "ಅಂಗಿ ಹೊಲಿಯದೆ ನನಗೆ ಮನುಷ್ಯ ಕಾಣುವುದಿಲ್ಲ," ಎನ್ನುತ್ತಿದ್ದಳು. ಒಮ್ಮೆ ಕಾಪುವಿನ ಕಡಲತೀರದಲ್ಲಿ ಹಳೇ ಕಾಲದ ನಿಲುವಂಗಿ ತೊಟ್ಟು ದೋಣಿ ಹತ್ತಿ ಇಳಿಯುತ್ತಿದ್ದಾಗ, ಲೈಟ್‌ಹೌಸ್ ನೋಡಲು ಬಂದವರು ಶೂಟಿಂಗ್ ಎಂದುಕೊಂಡು ಫೋಟೋ ತೆಗೆದರು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಮೊಣಕಾಲಿನ ಹತ್ತಿರ ಸೀಳು ಎಷ್ಟು ಮೇಲಕ್ಕೆ ಬೇಕು ಎಂದು ಲೆಕ್ಕ ಹಾಕುತ್ತಿದ್ದಳು.

ಹೀಗೆ ಬರೆದದ್ದರಲ್ಲಿ ಅವಳಿಗೆ ಎಲ್ಲಕ್ಕಿಂತ ಮೆಚ್ಚುಗೆಯ ಕಥೆ ಅಕ್ಕಿ ಸಾಗಿಸುವ ಪೊಡಿಯಬ್ಬನದು. ಹೆಜಮಾಡಿಯ ನದಿಬಾಯಿಯ ಹತ್ತಿರ ನಡೆಯುವ ಕಥೆ. ಸಮುದ್ರವನ್ನು ಪೋರ್ಚುಗೀಸರು ತಮ್ಮದೆಂದುಕೊಂಡಿದ್ದ ಕಾಲ. ಅವರ ಪರವಾನಗಿ ಇಲ್ಲದೆ ಹಡಗು ಹೊರಡುವ ಹಾಗಿಲ್ಲ. ಪೊಡಿಯಬ್ಬ ಬ್ಯಾರಿ ವರ್ತಕ, ಕರಾವಳಿಯ ಮುಸ್ಲಿಂ. ಘಟ್ಟದ ಬುಡದಿಂದ ಎತ್ತಿನ ಮೇಲೆ ಅಕ್ಕಿ ತರಿಸುವ ಚೆನ್ನಕ್ಕ ಎಂಬ ಜೈನ ವಿಧವೆ ಅವನ ವ್ಯಾಪಾರದ ಜೊತೆಗಾತಿ. ಕೋಟೆಯ ಪೋರ್ಚುಗೀಸರು ಅಕ್ಕಿಯನ್ನೆಲ್ಲ ತಮಗೇ ಒಪ್ಪಿಸಿ ಎಂದು ಹಡಗು ತಂದು ನಿಲ್ಲಿಸುತ್ತಾರೆ. ಇವರಿಬ್ಬರೂ ಅಕ್ಕಿಯನ್ನು ಊರವರ ಮನೆಮನೆಗೆ ಹಂಚಿ, ದೋಣಿಯೂ ಅವರ ಕೈ ಸೇರದಿರಲೆಂದು ಖಾಲಿ ದೋಣಿಗೆ ತಾವೇ ಬೆಂಕಿ ಇಡುತ್ತಾರೆ. ಇಬ್ಬರೂ ಅವಳ ಕಲ್ಪನೆಯವರು. ಆದರೆ ಕಾಪುವಿನ ಅಜ್ಜಂದಿರು ಕೂರುವ ಭಂಗಿ, ಮಾತಿನ ನಡುವೆ ಗಡ್ಡ ಸವರಿಕೊಳ್ಳುವ ರೀತಿ ಎಲ್ಲ ಪೊಡಿಯಬ್ಬನಲ್ಲಿತ್ತು.

ಕಥೆ ಒಂದು ವಾರಪತ್ರಿಕೆಯ ವಿಶೇಷಾಂಕದಲ್ಲಿ ಬಂತು. ಕೆಲವು ವಾರ ಕಳೆದು ಅಲೆಕ್ಸಾಂಡರ್ ಹಾಸ್ಟೆಲಿಗೆ ಹುಡುಕಿಕೊಂಡು ಬಂದರು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್, ಮಣಿಪಾಲದಲ್ಲಿ ಬ್ಯಾಂಕ್ ಕೆಲಸ, ಉಡುಪಿಯಲ್ಲಿ ಒಂದು ನಾಟಕ ತಂಡ. ಹಳೇ ಪುಸ್ತಕಗಳ ಹುಚ್ಚು. ಮನೆಯ ಮಹಡಿ ತುಂಬ ಕೊಂಕಣಿ, ಕನ್ನಡ, ಪೋರ್ಚುಗೀಸ್ ಗ್ರಂಥಗಳು.

"ಮೇಡಂ, ಇದನ್ನು ನಾಟಕ ಮಾಡಬೇಕು ಅಂತ ಉಂಟು," ಎಂದರು. "ನೀವು ಒಪ್ಪಬೇಕು."

"ಬಟ್ಟೆ ನಾನೇ ಹೊಲಿಯುವುದು. ಬಾಡಿಗೆ ಅಂಗಡಿಯ ಮಿಂಚು ಬಟ್ಟೆ ಬೇಡ."

"ಅದು ನಮ್ಮ ಭಾಗ್ಯ ಮಾರಾಯ್ರೆ."

ಇಬ್ಬರೂ ಮೂರು ಸಲ ಚಹಾ ತರಿಸಿಕೊಂಡು ಮಾತಾಡಿದರು. ಬಟ್ಟೆ, ಬಂದರು, ಅಕ್ಕಿಯ ಬಗ್ಗೆ ಇಷ್ಟು ಹೊತ್ತು ಬೇಸರವಿಲ್ಲದೆ ಕೇಳಿದ ಮನುಷ್ಯ ಅವಳಿಗೆ ಬೇರೆ ಸಿಕ್ಕಿರಲಿಲ್ಲ. ಆಮೇಲಿನ ಸಿಟ್ಟಿಗೆ ಇದೂ ಒಂದು ಕಾರಣ.

ಮಳೆಗಾಲ ಶುರುವಾದಾಗಿನಿಂದ ಹೊಲಿಗೆ ನಡೆಯಿತು. ಭಾನುವಾರ ಕಾಪುವಿನ ತವರುಮನೆಯಲ್ಲಿ ಉಮ್ಮನೂ ಮಗಳೂ ಎದುರುಬದುರು ಕೂತು ಹೊಲಿದರು. ಪೊಡಿಯಬ್ಬನ ನಿಲುವಂಗಿಗೆ ಬಣ್ಣ ಕಟ್ಟಲು ಗೇರು ತೊಗಟೆ ಒಳ್ಳೆಯದೆಂದು ಯಾರೋ ಹೇಳಿದರು. ಕುದಿಸಿ, ಅದ್ದಿ, ಒಣಗಿಸಿ, ಕತ್ತರಿಸಲು ಕೂತಾಗ ರಿಝ್ವಾನಾಗೆ ತಟ್ಟನೆ ಹೊಳೆಯಿತು. ಗೇರು ಈ ಕರಾವಳಿಗೆ ಬಂದದ್ದೇ ಪೋರ್ಚುಗೀಸರ ಹಡಗಿನಲ್ಲಿ. ಅವರನ್ನು ಎದುರಿಸುವವನ ಮೈಮೇಲೆ ಅವರದೇ ಮರದ ಬಣ್ಣವೇ? ತನ್ನ ಮೇಲೆಯೇ ಸಿಟ್ಟು ಬಂದು ಇಡೀ ಬಟ್ಟೆಯನ್ನು ಮಡಚಿ ಬದಿಗೆ ಹಾಕಿದಳು. ಮತ್ತೆ ಕೈಮಗ್ಗದ ಬಟ್ಟೆ ತಂದು, ಅಳಲೆಕಾಯಿ ಕುದಿಸಿ, ಒಣಹುಲ್ಲಿನ ಬಣ್ಣ ಬರುವ ತನಕ ಅದ್ದಿದಳು. ಗುಂಡಿ ಇಲ್ಲ. ಪಕ್ಕದಲ್ಲಿ ಕಟ್ಟುವ ಕಸೆಗಳು. ಕೊರಳಪಟ್ಟಿಯ ಸುತ್ತ ಸಣ್ಣ ಕೈಹೊಲಿಗೆಯನ್ನು ಮುನೀರಾ ಹಾಕಿದರು. ಕನ್ನಡಕ ಏರಿಸಿ, ದಾರ ಕಚ್ಚಿ, "ನಮ್ಮ ಕಡೆಯವನೊಬ್ಬ ಸ್ಟೇಜಿನ ಮೇಲೆ ಒಳ್ಳೆ ಬಟ್ಟೆ ಹಾಕಿ ನಿಲ್ಲುವುದನ್ನು ನೋಡಬೇಕು ನನಗೆ," ಎಂದರು.

ಹಾಸ್ಟೆಲಿನಲ್ಲಿ ಹೊಸ ಶೈಕ್ಷಣಿಕ ವರ್ಷದ ಹುಡುಗಿಯರು ಸೇರುವ ಗಡಿಬಿಡಿ ಇದ್ದುದರಿಂದ ಅವಳಿಗೆ ತಾಲೀಮಿಗೆ ಹೋಗಲಾಗಲಿಲ್ಲ. ಬಟ್ಟೆಗಳನ್ನೆಲ್ಲ ಕೊಟ್ಟುಕಳಿಸಿದ್ದಳು. ಪ್ರದರ್ಶನಕ್ಕೆ ಒಂದು ವಾರ ಇರುವಾಗ ಅಳತೆ ಸರಿಪಡಿಸಲೆಂದು ಉಡುಪಿಯ ಬನ್ನಂಜೆಗೆ ಹೋದಳು. ಒಂದು ಮನೆಯ ಮೇಲ್ಮಹಡಿಯ ಹಾಲಿನಲ್ಲಿ ತಾಲೀಮು ನಡೆಯುತ್ತಿತ್ತು. ಅವಳು ಬಾಗಿಲಲ್ಲೇ ನಿಂತು ನೋಡಿದಳು.

ಪೊಡಿಯಬ್ಬನ ಪಾತ್ರದ ಕಾರ್ಲ್ಟನ್ ಎಂಬ ತರುಣ ಅವಳು ಹೊಲಿದ ನಿಲುವಂಗಿ ತೊಟ್ಟಿದ್ದ. ಅದರ ಮೇಲೆ ಒಂದು ಕಪ್ಪು ಹೊದಿಕೆ. ಕಣ್ಣಿಗೆ ದಪ್ಪ ಕಾಡಿಗೆ. ಕಸೆ ಕಿತ್ತು ಹೊಳೆಯುವ ಗುಂಡಿಗಳನ್ನು ಹಾಕಿದ್ದರು. ಅವನು ಕಳ್ಳಹೆಜ್ಜೆ ಇಡುತ್ತ ಬಂದು, ಲಾಟೀನು ಎತ್ತಿ, ಕಡಲ ಕಡೆಗೆ ಆಡಿಸಿದ. ಪೋರ್ಚುಗೀಸ್ ಕಪ್ತಾನನಿಗೆ ಸನ್ನೆ. ಅಕ್ಕಿ ಎಲ್ಲಿ ಅಡಗಿದೆ ಎಂದು ತೋರಿಸಿಕೊಟ್ಟು, ಚೀಲ ತುಂಬ ಚಿನ್ನ ತೆಗೆದುಕೊಂಡು, ನಕ್ಕ. ಚೆನ್ನಕ್ಕನ ಪಾತ್ರದ ಸೆಲೀನ್ ಒಬ್ಬಳೇ ದೋಣಿಗೆ ಬೆಂಕಿ ಇಟ್ಟಳು.

ರಿಝ್ವಾನಾಗೆ ಮೊದಲು ಏನಾಗುತ್ತಿದೆಯೆಂದೇ ತಿಳಿಯಲಿಲ್ಲ. ಬೇರೆ ಯಾವುದೋ ನಾಟಕ ಎಂದುಕೊಂಡಳು. ಆಮೇಲೆ ಬ್ಯಾಗಿನಿಂದ ಅಳತೆಯ ಟೇಪು ತೆಗೆದು, ಮತ್ತೆ ಒಳಗಿಟ್ಟು, ನೇರ ಅಲೆಕ್ಸಾಂಡರ್ ಕೂತಲ್ಲಿಗೆ ಹೋದಳು.

"ಇದು ಎಂತದು ಸರ್?"

ಅಲೆಕ್ಸಾಂಡರ್ ಎದ್ದು ನಿಂತರು. "ನಿಮಗೆ ಫೋನ್ ಮಾಡಬೇಕು ಅಂತಲೇ ಇದ್ದೆ. ನಾಟಕಕ್ಕೆ ಒಂದು ಸಂಘರ್ಷ ಬೇಕಲ್ವಾ. ಓದುವಾಗ ಬೇರೆ, ರಂಗದ ಮೇಲೆ ಬೇರೆ."

"ಸಂಘರ್ಷ ಉಂಟಲ್ಲ. ಕಪ್ತಾನ ಇದ್ದಾನಲ್ಲ."

"ಅವನು ಹೊರಗಿನವನು. ಒಳಗಿನ ಒಬ್ಬ ದ್ರೋಹಿ ಇದ್ದರೆ ಜನರಿಗೆ ತಾಗುತ್ತದೆ."

"ಒಳಗಿನವರು ಎಷ್ಟು ಜನ ಇದ್ದಾರೆ ಕಥೆಯಲ್ಲಿ? ಅಂಬಿಗ ಇದ್ದಾನೆ, ಎತ್ತಿನವನು ಇದ್ದಾನೆ, ಊರ ಹಿರಿಯ ಗುರಿಕಾರ ಇದ್ದಾನೆ. ನಿಮಗೆ ಸಿಕ್ಕಿದ್ದು ಪೊಡಿಯಬ್ಬ ಒಬ್ಬನೇ."

ನಟರು ಗೋಡೆಗೆ ಸರಿದು ನಿಂತಿದ್ದರು.

"ನನ್ನ ಹೆಸರು ತೆಗೆಯಿರಿ," ಎಂದಳು ಅವಳು.

"ಅದು ಮಾತ್ರ ಆಗುವುದಿಲ್ಲ ಮೇಡಂ." ಅವರು ಧ್ವನಿ ತಗ್ಗಿಸಿದರು. "ನಿಮ್ಮ ಹೆಸರು ಇದ್ದರೆ ಯಾರೂ ಎಂತದೂ ಹೇಳುವುದಿಲ್ಲ. ಬ್ಯಾರಿ ಹೆಂಗಸೇ ಬರೆದದ್ದು ಅಂತ ಆಗುತ್ತದೆ. ನಮಗೂ ಧೈರ್ಯ."

ಅವಳಿಗೆ ಆವರೆಗೆ ಬಂದದ್ದು ಸಿಟ್ಟೇ ಅಲ್ಲ ಎಂದು ಆಗ ಅನಿಸಿತು. ಕಿರುಚಲಿಲ್ಲ. ಕಾರ್ಲ್ಟನ್ ಹತ್ತಿರ ಹೋಗಿ, "ಬಿಚ್ಚು ಮಗಾ," ಎಂದಳು. ಅವನು ಡೈರೆಕ್ಟರರ ಮುಖ ನೋಡಿದ. "ಮೇಡಂ, ಇದು ತಂಡದ ಸಾಮಾನು, ಆಮೇಲೆ ಮಾತಾಡುವ," ಎಂದು ಅಲೆಕ್ಸಾಂಡರ್ ಅಡ್ಡ ಬಂದರು. ಅವಳು ಬಾಗಿಲು ದೂಡಿ ಮೆಟ್ಟಿಲಿಳಿದು ಬಂದಳು.

ಮನೆಯಲ್ಲಿ ಸಿರಾಜ್ ಎಲ್ಲ ಕೇಳಿಸಿಕೊಂಡು, "ಬಿಟ್ಟುಬಿಡು," ಎಂದ. "ಈಗಿನ ಕಾಲ ಸರಿ ಇಲ್ಲ. ನಾವು ಮಾತಾಡಿದರೆ ಗಲಾಟೆ ನಾವೇ ಮಾಡಿದ್ದು ಅಂತ ಆಗುತ್ತದೆ. ಒಂದು ನಾಟಕ, ಒಂದು ಸಂಜೆ ಆಡುತ್ತಾರೆ, ಮುಗಿಯಿತು."

"ಒಂದು ಸಂಜೆ ಅಲ್ಲ. ನೋಡಿದವರು ಮನೆಗೆ ತೆಗೆದುಕೊಂಡು ಹೋಗುತ್ತಾರೆ. ನಾಳೆ ನಿಮ್ಮ ಅಂಗಡಿಗೆ ಚಪ್ಪಲಿಗೆ ಬಂದವನ ತಲೆಯಲ್ಲಿ ಅದು ಇರುತ್ತದೆ."

"ಅದಕ್ಕೇ ಹೇಳುವುದು, ಅಂಗಡಿ ಇಟ್ಟುಕೊಂಡಿರುವವರು ನಾವು ಅಂತ."

ಮರುದಿನ ಕಾಪುವಿಗೆ ಹೋಗಿ ಉಮ್ಮನಿಗೆ ಹೇಳಿದಳು. ಮುನೀರಾ ಯಾವತ್ತೂ ದೊಡ್ಡ ಧ್ವನಿಯಲ್ಲಿ ಮಾತಾಡಿದವರಲ್ಲ. ಗಂಡ ಸೌದಿಯ ದಮ್ಮಾಮಿನಲ್ಲಿದ್ದ ವರ್ಷಗಳಲ್ಲಿ ಒಬ್ಬರೇ ಮನೆ ನಡೆಸಿದವರು, ಯಾರ ಜೊತೆಗೂ ಜಗಳ ಕಟ್ಟಿಕೊಳ್ಳದವರು. ಅವರೂ ತಾಳ್ಮೆ ಹೇಳಬಹುದು ಎಂದು ರಿಝ್ವಾನಾ ಎಣಿಸಿದ್ದಳು. ಅವರು ಕೈಯಲ್ಲಿದ್ದ ಬಟ್ಟೆಯನ್ನು ಮೆಷಿನಿನ ಮೇಲೆ ಕುಕ್ಕಿದರು.

"ಅಂಗಿ ತೆಗೆದುಕೊಂಡು ಬಾ," ಎಂದರು. "ಅದರ ಕೊರಳಲ್ಲಿ ನನ್ನ ಕೈಹೊಲಿಗೆ ಉಂಟು. ಅದನ್ನು ಹಾಕಿಕೊಂಡು ನನ್ನ ಜನರನ್ನು ಕಳ್ಳರು ಅನ್ನುವ ಹಾಗಿಲ್ಲ. ನೀನು ಹೋಗದಿದ್ದರೆ ನಾನು ಹೋಗುತ್ತೇನೆ."

ಬಟ್ಟೆಗಳು ಸೆಲೀನ್ ಮನೆಯಲ್ಲಿವೆಯೆಂದು ಕಾರ್ಲ್ಟನ್ ಫೋನಿನಲ್ಲಿ ತಿಳಿಸಿದ. ಸೆಲೀನ್ ಮನೆ ಕಾಪುವಿನಲ್ಲೇ, ಪೇಟೆಯಿಂದ ಸ್ವಲ್ಪ ಒಳಗೆ. ತಾಯಿ ಮಗಳು ರಿಕ್ಷಾ ಮಾಡಿಕೊಂಡು ಹೋದರು. ಸೆಲೀನ್ ಶಾಲೆಯೊಂದರಲ್ಲಿ ಕ್ಲರ್ಕ್, ಐವತ್ತರ ಹತ್ತಿರದ ಕೊಂಕಣಿ ಕ್ರಿಶ್ಚಿಯನ್ ಹೆಂಗಸು. ಬಾಗಿಲು ತೆಗೆದವಳು ಇಬ್ಬರ ಮುಖ ನೋಡಿಯೇ ವಿಷಯ ತಿಳಿದುಕೊಂಡು, ಕಪಾಟಿನ ಕೀಲಿ ತಂದಳು.

"ಎಲ್ಲ ಇಲ್ಲೇ ಉಂಟು. ತೆಗೆದುಕೊಂಡು ಹೋಗಿ. ಅಲೆಕ್ಸ್ ಸರ್ ಕೇಳಿದರೆ ನಾನೇ ಕೊಟ್ಟದ್ದು ಅಂತ ಹೇಳುತ್ತೇನೆ."

"ನೀವು ಪಾತ್ರ ಬಿಡುತ್ತೀರಾ?" ಎಂದು ರಿಝ್ವಾನಾ ಕೇಳಿದಳು.

ಸೆಲೀನ್ ಕೀಲಿ ತಿರುಗಿಸಿ ಕಪಾಟು ತೆರೆದಳು. "ಬಿಡುವುದಿಲ್ಲ. ಸುಳ್ಳು ಯಾಕೆ ಹೇಳಲಿ. ಇಷ್ಟು ವರ್ಷ ಅಮ್ಮ, ಅತ್ತೆ, ಕೆಲಸದವಳು, ಅಷ್ಟೇ ಮಾಡಿದ್ದು ನಾನು. ಚೆನ್ನಕ್ಕ ಸಿಕ್ಕಿದಳು. ಬಿಡಲಿಕ್ಕೆ ಮನಸ್ಸಾಗುವುದಿಲ್ಲ."

"ಆ ಚೆನ್ನಕ್ಕ ನಾನು ಬರೆದವಳಲ್ಲ."

"ಗೊತ್ತುಂಟು."

ರಿಝ್ವಾನಾಗೆ ಅವಳ ಮೇಲೂ ಸಿಟ್ಟು ಬಂತು. ಆದರೆ ಸೆಲೀನ್ ಒಂದೊಂದೇ ಬಟ್ಟೆಯನ್ನು ಮಡಿಕೆ ಕೆಡದ ಹಾಗೆ ಎತ್ತಿ ಚಾದರದ ಮೇಲೆ ಇಡುತ್ತಿದ್ದಳು. ಚೆನ್ನಕ್ಕನ ಕೆಂಪು ಸೀರೆಯನ್ನು ಕೊನೆಗೆ ಇಡುವಾಗ ಅದರ ಅಂಚನ್ನು ಒಮ್ಮೆ ಕೈಯಿಂದ ಸವರಿದಳು. ಮುನೀರಾ ಗಂಟು ಕಟ್ಟಿದರು. ರಿಕ್ಷಾದಲ್ಲಿ ಕೂತು ಪೊಡಿಯಬ್ಬನ ಅಂಗಿ ಹುಡುಕಿ ತೆಗೆದು, ಉಗುರಿನಿಂದಲೇ ಆ ಹೊಳೆಯುವ ಗುಂಡಿಗಳನ್ನು ಕಿತ್ತು ರಸ್ತೆಗೆ ಎಸೆದರು.

ನಾಟಕವೇನೂ ನಿಲ್ಲಲಿಲ್ಲ. ಉಡುಪಿಯ ಬಾಡಿಗೆ ಅಂಗಡಿಯಿಂದ ಬಟ್ಟೆ ಬಂತು. ರಿಝ್ವಾನಾ ಮಣಿಪಾಲದ ಆ ಸಭಾಂಗಣಕ್ಕೆ ಹೋಗಿಯೇ ತೀರುತ್ತೇನೆಂದು ಹಟ ಹಿಡಿದಳು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ಸಿರಾಜ್ ಅಂಗಡಿಯನ್ನು ಬೇಗ ಮುಚ್ಚಿ ಜೊತೆಗೆ ಹೊರಟ. ಹಿಂದಿನ ಸಾಲಿನಲ್ಲಿ ಕೂತರು. ಸಭಾಂಗಣ ತುಂಬಿತ್ತು. ಪೊಡಿಯಬ್ಬ ಲಾಟೀನು ಎತ್ತಿದಾಗ ಯಾರೋ "ಥೂ" ಎಂದರು. ಅವನು ಚಿನ್ನ ಎಣಿಸುವಾಗ ಮುಂದಿನ ಸಾಲಿನ ಹೆಂಗಸೊಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು, ಇಬ್ಬರೂ ತಲೆದೂಗಿದರು. ಸಿರಾಜ್ ಅದನ್ನು ನೋಡಿದ. ತಲೆಯ ಮೇಲಿನ ಟೊಪ್ಪಿಯನ್ನು ಮೆಲ್ಲನೆ ತೆಗೆದು ಕಿಸೆಯಲ್ಲಿಟ್ಟುಕೊಂಡ. ಗಂಡ ಟೊಪ್ಪಿ ತೆಗೆದದ್ದನ್ನು ರಿಝ್ವಾನಾ ನೋಡಿದಳು.

ನಾಟಕ ಮುಗಿದು ಎಲ್ಲರೂ ವೇದಿಕೆಯ ಮೇಲೆ ಸಾಲಾಗಿ ನಿಂತರು. ನಿರೂಪಕ ರಾಯ್‌ಸ್ಟನ್‌ಗೆ ಜಗಳದ ವಿಷಯ ಗೊತ್ತಿರಲಿಲ್ಲ. ಕೈಯಲ್ಲಿದ್ದ ಕಾಗದ ನೋಡಿ, "ಈ ಕಥೆ ಬರೆದ ಶ್ರೀಮತಿ ರಿಝ್ವಾನಾ ನಮ್ಮ ನಡುವೆ ಇದ್ದಾರೆ, ದಯವಿಟ್ಟು ವೇದಿಕೆಗೆ ಬರಬೇಕು," ಎಂದು ಕರೆದ. ಶಾಲು, ಹಣ್ಣಿನ ಬುಟ್ಟಿ ಸಿದ್ಧವಾಗಿದ್ದವು. ಪರದೆಯ ಬದಿಯಲ್ಲಿದ್ದ ಅಲೆಕ್ಸಾಂಡರ್ ಅವನಿಗೆ ಕೈಸನ್ನೆ ಮಾಡುವಷ್ಟರಲ್ಲಿ ಅವಳು ಎದ್ದಾಗಿತ್ತು.

ಶಾಲು ಹೊದಿಸಲು ಬಂದವರ ಕೈಯನ್ನು ತಡೆದು, ಮೈಕ್ ಕೇಳಿ ಪಡೆದಳು.

"ಇದು ನನ್ನ ಕಥೆ ಅಲ್ಲ," ಎಂದಳು. "ನನ್ನ ಕಥೆಯಲ್ಲಿ ಪೊಡಿಯಬ್ಬ ಲಾಟೀನು ಎತ್ತುವುದಿಲ್ಲ. ಅವನೂ ಚೆನ್ನಕ್ಕನೂ ಊರಿನ ಮನೆಮನೆಗೆ ಅಕ್ಕಿ ಹೊರುತ್ತಾರೆ. ಅವನ ಬದುಕೆಲ್ಲ ಆ ದೋಣಿಯಲ್ಲಿತ್ತು. ಅದಕ್ಕೆ ಮೊದಲ ಕೊಳ್ಳಿ ಇಡುವುದು ಅವನು. ಆಮೇಲೆ ಇಬ್ಬರೂ ದಡದಲ್ಲಿ ಕೂತು ಅದು ಉರಿಯುವುದನ್ನು ನೋಡುತ್ತಾರೆ. ಚೆನ್ನಕ್ಕ, 'ಇನ್ನೆಂತ ಮಾಡುವುದು ಅಬ್ಬ?' ಅಂತ ಕೇಳುತ್ತಾಳೆ. 'ಹೊಸದು ಕಟ್ಟುವುದು,' ಅಂತ ಅವನು ಹೇಳುತ್ತಾನೆ. ನಾನು ಬರೆದದ್ದು ಇಷ್ಟು. ಇದನ್ನು ತಿರುಗಿಸಿ, ನನ್ನ ಹೆಸರನ್ನು ಮೇಲೆ ಅಂಟಿಸಿದ್ದಾರೆ. ಬ್ಯಾರಿ ಹೆಂಗಸೇ ಬರೆದದ್ದು ಅಂತ ನಿಮಗೆ ಹೇಳಲಿಕ್ಕೆ. ನಾಚಿಕೆ ಆಗಬೇಕು."

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು, ನಾಲ್ಕಾರು ಜನ ಸೇರಿಕೊಂಡರು. "ಕೂತುಕೊಳ್ಳಿ," ಎಂದು ಒಬ್ಬ ಕೂಗಿದ. ಕಪ್ಪು ಹೊದಿಕೆಯ ಕಾರ್ಲ್ಟನ್ ನೆಲ ನೋಡುತ್ತ ನಿಂತಿದ್ದ. ಅಲೆಕ್ಸಾಂಡರ್ ಬಂದು ಮೈಕ್ ತೆಗೆದುಕೊಂಡು, ಲೇಖಕಿಯ ಭಾವನೆಯನ್ನು ಗೌರವಿಸುತ್ತೇವೆ, ಆದರೆ ಕಲೆಗೆ ತನ್ನದೇ ಸ್ವಾತಂತ್ರ್ಯ ಉಂಟು ಎಂದರು. ಆ ಮಾತಿಗೂ ಚಪ್ಪಾಳೆ ಬಿತ್ತು, ಹೆಚ್ಚೇ ಬಿತ್ತು. ಮನೆಗೆ ಬರುವ ದಾರಿಯಲ್ಲಿ ರಿಝ್ವಾನಾ ಅದನ್ನೇ ಹೇಳುತ್ತಿದ್ದಳು. ತನಗೆ ತಟ್ಟಿದ ಕೈಗಳೇ ಅವರಿಗೂ ತಟ್ಟಿದವು, ಹಾಗಾದರೆ ಇವರು ಕೇಳಿಸಿಕೊಂಡದ್ದು ಎಂತ?

ಯಾರೋ ವೀಡಿಯೋ ತೆಗೆದಿದ್ದರು. ಅದು ಮೊಬೈಲಿನಿಂದ ಮೊಬೈಲಿಗೆ ಹೋಗುವಾಗ ಅಕ್ಕಿಯೂ ದೋಣಿಯೂ ಕತ್ತರಿಸಿ ಹೋಗಿ, "ನಾಚಿಕೆ ಆಗಬೇಕು" ಎಂಬಷ್ಟೇ ಉಳಿದಿತ್ತು. ಗುರುತಿಲ್ಲದವರು ಬಾಯಿಗೆ ಬಂದದ್ದು ಬರೆದರು. ಹಾಸ್ಟೆಲಿನ ಮಾಲೀಕ ಲೂಯಿಸ್ ಕರೆಸಿ, ಕೆಲವು ಹೆತ್ತವರು ಫೋನ್ ಮಾಡುತ್ತಿದ್ದಾರೆ, ಸ್ವಲ್ಪ ದಿನ ರಜೆ ಹಾಕಿದರೆ ಒಳ್ಳೆಯದು ಎಂದರು.

"ರಜೆ ಬೇಡ ನನಗೆ," ಎಂದಳು ರಿಝ್ವಾನಾ. "ತೆಗೆಯುವುದಾದರೆ ತೆಗೆಯಿರಿ. ಆದರೆ ಯಾಕೆ ಅಂತ ಬಾಯಿಬಿಟ್ಟು ಹೇಳಿ. ಊಟ ಸರಿ ಇಲ್ಲ ಅಂತಲಾ, ಹುಡುಗಿಯರನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲ ಅಂತಲಾ, ಬೇರೆ ಎಂತಕ್ಕಾದರೂ ಉಂಟಾ?"

ಲೂಯಿಸ್ ಕೆಟ್ಟ ಮನುಷ್ಯನಲ್ಲ. ಪೇಪರ್‌ವೇಟ್ ತಿರುಗಿಸುತ್ತ ಕೂತರು. ಅವಳು ಎದ್ದು ಹೋಗಿ ಮೆಸ್ಸಿನ ತರಕಾರಿ ನೋಡಿಕೊಂಡಳು. ಮತ್ತೆ ಆ ಮಾತು ಬರಲಿಲ್ಲ.

ತಮ್ಮವರಿಂದ ಬಂದ ಬೈಗುಳವೂ ಕಡಿಮೆ ಏನಲ್ಲ. ಸಿರಾಜ್‌ನ ಅಣ್ಣ ಅಶ್ರಫ್ ಹೆಜಮಾಡಿಯಿಂದ ಅಂಗಡಿಗೇ ಬಂದ. ಹೆಂಗಸು ಅಷ್ಟು ಗಂಡಸರ ಎದುರು ವೇದಿಕೆ ಹತ್ತಿದ್ದು ಯಾಕೆ, ನಾಟಕದವರ ಸಹವಾಸ ಮಾಡಿದ್ದು ಯಾಕೆ, ಈ ಕಥೆ ಗಿಥೆ ಬರೆಯದಿದ್ದರೆ ಇದೆಲ್ಲ ಆಗುತ್ತಿತ್ತಾ ಎಂದು ಗಿರಾಕಿಗಳಿಗೆ ಕೇಳುವ ಹಾಗೆ ಹೇಳಿದ. ಊಟ ತಂದಿದ್ದ ರಿಝ್ವಾನಾ ಒಳಗಿನ ಗೋಡೌನಿನಲ್ಲಿದ್ದಳು. ಹೊರಗೆ ಬಂದು ಉತ್ತರ ಕೊಡಬೇಕೆಂದು ಹೆಜ್ಜೆ ಇಟ್ಟವಳು ಸಿರಾಜ್‌ನ ಧ್ವನಿ ಕೇಳಿ ನಿಂತಳು.

"ಅವಳು ಹೇಳಿದ್ದರಲ್ಲಿ ಸುಳ್ಳು ಎಂತ ಉಂಟು, ಅದು ಹೇಳಿ ಅಣ್ಣ."

"ಸುಳ್ಳು ಸತ್ಯದ ಮಾತಲ್ಲ ಇದು."

"ನನಗೆ ಅದೇ ಮಾತು. ನಾನು ಅಲ್ಲಿ ಕೂತಿದ್ದೆ. ನನ್ನ ಟೊಪ್ಪಿ ತೆಗೆದು ಕಿಸೆಗೆ ಹಾಕಿಕೊಂಡು ಕೂತಿದ್ದೆ. ಅವಳು ಎದ್ದು ಹೋಗಿ ಮಾತಾಡಿದಳು. ಹೆಂಗಸು ನಾನೋ ಅವಳೋ ಅಂತ ಈಗ ನೀವೇ ಹೇಳಿ."

ಆಮೇಲೆ ಟೈಂಪಾಸ್ ಎಂಬ ಮಾತು ಆ ಮನೆಯಲ್ಲಿ ಮತ್ತೆ ಕೇಳಿಸಲಿಲ್ಲ.

ಮಳೆ ನಿಂತು ಬಿಸಿಲು ಬಂದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಅಲೆಕ್ಸಾಂಡರ್ ಕಾಪುವಿನ ಮನೆಗೆ ಬಂದರು. ಮುನೀರಾ ಬಾಗಿಲಿಗೆ ಬಂದು ನೋಡಿ ಒಳಗೆ ಹೋದರು, ಕೂರಿ ಎನ್ನಲಿಲ್ಲ. ರಿಝ್ವಾನಾ ಜಗಲಿಯಲ್ಲಿ ನಿಂತೇ ಮಾತಾಡಿಸಿದಳು.

"ಮುಂದಿನ ಶೋಗಳನ್ನು ನಿಲ್ಲಿಸಿದ್ದೇನೆ," ಎಂದರು ಅವರು.

"ನಿಲ್ಲಿಸಲೇಬೇಕಿತ್ತು."

"ಒಂದು ಮಾತು ಹೇಳಿ ಹೋಗುತ್ತೇನೆ. ನೀವು ಒಪ್ಪಬೇಕು ಅಂತಿಲ್ಲ. ಸ್ಕ್ರಿಪ್ಟ್ ಓದುವಾಗ ತಂಡದ ಒಬ್ಬರು ಕೇಳಿದರು, ಪೋರ್ಚುಗೀಸರು ಅಂದರೆ ಅಲೆಕ್ಸ್ ನಿಮ್ಮವರೇ ಅಲ್ವಾ ಅಂತ. ನಗುತ್ತಲೇ ಕೇಳಿದ್ದು. ನನಗೆ ನಿದ್ದೆ ಬರಲಿಲ್ಲ. ಕಪ್ತಾನ ಊರವರನ್ನು ಹಿಂಸಿಸುವುದನ್ನು ನೋಡಿ ಜನ ಹೊರಗೆ ಬಂದು ನನ್ನ ಮುಖ ನೋಡುತ್ತಾರೆ. ನನ್ನ ಮಕ್ಕಳ ಮುಖ ನೋಡುತ್ತಾರೆ. ಹಾಗಾಗಿ ಕಪ್ತಾನನನ್ನು ಸ್ವಲ್ಪ ಹಿಂದೆ ಸರಿಸಿದೆ. ಆ ಜಾಗಕ್ಕೆ ಯಾರಾದರೂ ಬೇಕಾಯಿತು."

"ನಿಮ್ಮ ಮೇಲೆ ಬೀಳುವ ಕಲ್ಲು ಅಂತ ಹೆದರಿದಿರಿ," ಎಂದಳು. "ಅದನ್ನು ಹಿಡಿದು ನಮ್ಮ ಕಡೆ ಎಸೆದಿರಿ. ಎಸೆಯುವಾಗ ನನ್ನ ಕೈಯನ್ನೇ ಹಿಡಿದುಕೊಂಡು ಎಸೆದಿರಿ. ಹೆದರಿಕೆ ನನಗೆ ಅರ್ಥ ಆಗುತ್ತದೆ ಸರ್. ಅದು ನಮಗೂ ಉಂಟು, ದಿನಾಲೂ ಉಂಟು. ಅದಕ್ಕೇ ನನಗೆ ನಿಮ್ಮನ್ನು ಕ್ಷಮಿಸಲಿಕ್ಕೆ ಆಗುವುದಿಲ್ಲ. ಆ ಹೆದರಿಕೆ ಗೊತ್ತಿಲ್ಲದವರು ಮಾಡಿದ್ದರೆ ಆಗುತ್ತಿತ್ತು."

ಅವರು ತಲೆಯಾಡಿಸಿ ಹೋದರು. ಗೇಟಿನ ಚಿಲಕ ಹಾಕಿದ ಸದ್ದು ಕೇಳಿದ ಮೇಲೆ ಮುನೀರಾ ಒಳಗಿನಿಂದ, "ಒಂದು ಲೋಟ ನೀರಾದರೂ ಕೊಡಬೇಕಿತ್ತೋ ಏನೋ," ಎಂದರು. "ನೀವೇ ಕೊಡಬಹುದಿತ್ತಲ್ಲ," ಎಂದಳು ಮಗಳು ಸಿಡುಕಿನಿಂದ.

ಆ ವಾರವೇ ಅವಳು ಪೊಡಿಯಬ್ಬನ ಕಥೆಯನ್ನು ಕಾದಂಬರಿಯಾಗಿ ಬರೆಯಲು ಕೂತಳು. ಹೊಸದೊಂದು ಪಾತ್ರ ಬಂತು. ಕೊಂಕಣಿ ಕಿರಿಸ್ತಾನ, ಗೋವೆಯ ಕಡೆಯಿಂದ ಓಡಿಬಂದು ಕೋಟೆಯಲ್ಲಿ ದುಭಾಷಿಯಾದವನು. ಹೆಸರು ಬ್ಯಾಪ್ಟಿಸ್ಟ್. ಈ ಸಲ ಅಂಗಿ ಹೊಲಿಯುವ ತನಕ ಕಾಯುವ ತಾಳ್ಮೆ ಇರಲಿಲ್ಲ. ಬರೆದದ್ದೇ ಬರೆದದ್ದು. ಬ್ಯಾಪ್ಟಿಸ್ಟ್ ಸುಳ್ಳು ತರ್ಜುಮೆ ಮಾಡಿದ, ಲಂಚ ತಿಂದ, ಅಕ್ಕಿ ಅಡಗಿಸಿದ ಮನೆಗಳನ್ನು ಬೆರಳು ಮಾಡಿ ತೋರಿಸಿಕೊಟ್ಟ. ಬರೆಯುವಾಗ ಕೈ ಹಗುರವಾಗಿತ್ತು. ಇಷ್ಟು ಸುಲಭವಾಗಿ ಅವಳು ಯಾವತ್ತೂ ಬರೆದಿರಲಿಲ್ಲ.

ಮುಗಿಸಿದ ಅಧ್ಯಾಯವನ್ನು ಸಿರಾಜ್‌ಗೆ ಓದಿ ಹೇಳಿದಳು. ಅವನು ಕೇಳುತ್ತ ಕೇಳುತ್ತ ಚಹಾ ಕುಡಿಯುವುದನ್ನು ನಿಲ್ಲಿಸಿದ.

"ಚೆನ್ನಾಗಿ ಉಂಟಾ?" ಎಂದು ಅವಳು ಕೇಳಿದಳು.

"ಚೆನ್ನಾಗಿ ಉಂಟು," ಎಂದ ಅವನು. "ಆ ಸೆಲೀನಕ್ಕ ಓದಿದರೆ?"

ಅವಳು ಎದ್ದು ಒಳಗೆ ಹೋದಳು. ಗಂಡನ ಮೇಲೆ ಬಂದ ಸಿಟ್ಟು ಬೆಳಗಿನ ಹೊತ್ತಿಗೆ ತನ್ನ ಮೇಲೆ ತಿರುಗಿತ್ತು. ಹಾಳೆಗಳನ್ನೆಲ್ಲ ಹರಿದು ಬಚ್ಚಲೊಲೆಗೆ ಹಾಕಿದಳು. ಮತ್ತೆ ಬರೆಯಲು ಹೊರಟರೆ ಬ್ಯಾಪ್ಟಿಸ್ಟ್ ಕಾಣಲೇ ಇಲ್ಲ. ಅವನು ಹೆದರಿದವನು ಎಂಬುದಷ್ಟೇ ಗೊತ್ತಾಯಿತು. ಎರಡು ಕಡೆಯವರಿಗೂ ಹೆದರಿ, ಯಾವ ಕಡೆಯ ಮಾತನ್ನೂ ಪೂರ್ತಿ ಹೇಳಲಾರದೆ ನಡುವೆ ನಿಂತವನು. ಅವನು ಹೇಗೆ ನಿಲ್ಲುತ್ತಾನೆ, ಕೈ ಎಲ್ಲಿ ಇಟ್ಟುಕೊಳ್ಳುತ್ತಾನೆ? ಬಟ್ಟೆ ಬೇಕಿತ್ತು. ಆ ಕಾಲದ ಕೊಂಕಣಿ ಕಿರಿಸ್ತಾನ ಗಂಡಸು, ಕೋಟೆಯ ಕೆಲಸದವನು, ಏನು ತೊಡುತ್ತಿದ್ದ? ಅವಳ ಪುಸ್ತಕಗಳಲ್ಲಿ ಇರಲಿಲ್ಲ. ಸೆಲೀನ್‌ಗೆ ಗೊತ್ತಿರಲಿಲ್ಲ. ಅದು ಇರುವ ಜಾಗ ಒಂದೇ, ಅಲೆಕ್ಸಾಂಡರ್ ಮನೆಯ ಆ ಪುಸ್ತಕದ ಮಹಡಿ.

ನಾಲ್ಕೈದು ದಿನ ತಡೆದಳು. ಆಮೇಲೆ ಹಾಸ್ಟೆಲಿನ ಅಂಗಳದಲ್ಲಿ ನಿಂತು ಫೋನ್ ಮಾಡಿದಳು. ನಮಸ್ಕಾರ ಹೇಳಲಿಲ್ಲ, ಹೇಗಿದ್ದೀರಿ ಎನ್ನಲಿಲ್ಲ. ಪ್ರಶ್ನೆ ಕೇಳಿದಳು.

ಆ ಕಡೆಯಿಂದ ಅಲೆಕ್ಸಾಂಡರ್ ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು, ಪುಟ ತಿರುಗಿಸುವ ಸದ್ದು ಕೇಳಿಸಿತು. ಅವರು ಓದಿ ಓದಿ ಹೇಳಿದರು. ತೋಳು ಎಷ್ಟು ಉದ್ದ, ಕೆಳಗೆ ಧೋತರವೋ ಷರಾಯಿಯೋ, ಬರಿಗಾಲೋ ಅಲ್ಲವೋ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು. ಅವಳು ಮಧ್ಯೆ ತಡೆದು, "ಅದು ಸರಿ ಇರಲಿಕ್ಕಿಲ್ಲ, ಇನ್ನೊಮ್ಮೆ ನೋಡಿ," ಎಂದಾಗ ಅವರು ಇನ್ನೊಮ್ಮೆ ನೋಡಿದರು.

"ಇನ್ನು ಎಂತಾದರೂ ಬೇಕಾದರೆ—" ಎಂದು ಅವರು ಶುರುಮಾಡಿದಾಗ ಅವಳು ಫೋನ್ ಇಟ್ಟಳು.

ಸಂಜೆ ಕಾರ್ಕಳದ ಪೇಟೆಗೆ ಹೋಗಿ ಬ್ಯಾಪ್ಟಿಸ್ಟನ ಅಂಗಿಗೆ ಒರಟು ಬಿಳಿ ಬಟ್ಟೆ ಕೇಳಿದಳು. ಅಂಗಡ್ಯಾತ ಪಾಲಿಸ್ಟರ್ ಬೆರೆತದ್ದನ್ನು ಹರಡಿ, ಇದೇ ಕಾಟನ್ ಮೇಡಂ ಎಂದ. ಅವಳು ಒಂದು ಎಳೆ ಹಿರಿದು, ಉಗುರಿಗೆ ಸುತ್ತಿ ನೋಡಿ, ಅವನನ್ನು ಸಮಾ ಬೈದು, ಮುಂದಿನ ಅಂಗಡಿಗೆ ಹೋದಳು.